ಗಿರಿಜಕ್ಕನ ಗಾಡಿಗೆ ವೈರು ಕಟ್ಟಿದ್ದು

ಕುಷ್ಟಗಿಯಲ್ಲಿ ಐ.ಟಿ.ಐ. ಮುಗಿಸಿ, ಈಗಷ್ಟೇ ಒಂದು ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿ ಸೇರಿರುವ ಹುಡುಗಿಯೊಬ್ಬಳು ಹೋದ ತಿಂಗಳು ನನ್ನನ್ನು ಹುಡುಕಿಕೊಂಡು ಯಲಬುರ್ಗಾಕ್ಕೆ ಬಂದಿದ್ದಳು. ಹೆಸರು ರೇಣುಕಾ. ಚಹಾದ ಬಟ್ಟಲು ಕೈಯಲ್ಲಿ ಹಿಡಿದುಕೊಂಡೇ, "ಮೇಡಂ, ಈ ಕೆಲಸ ಖರೇನ ಹೆಂಗಿರತೈತ್ರಿ? ಪುಸ್ತಕದಾಗ ಇದ್ದಂಗ ಏನೂ ಇಲ್ಲಲ್ರಿ ಇಲ್ಲಿ" ಎಂದು ಕೇಳಿದಳು. ಎರಡು ತಾಸು ಮಾತಾಡಿದೆ. ಅವಳು ಬಸ್ ಹತ್ತಿ ಹೋದ ಮೇಲೆ, ಹೇಳಬೇಕಾದದ್ದು ಅರ್ಧ ಉಳಿದೇ ಹೋಯಿತಲ್ಲ ಅನ್ನಿಸಿತು. ಅದನ್ನು ಬರೆಯುತ್ತಿದ್ದೇನೆ. ರೇಣುಕಾ ಓದಲಿ, ಅವಳಂಥವರು ಇನ್ನೂ ಬರುತ್ತಾರೆ, ಅವರೂ ಓದಲಿ.

ನಾನು ಮೂವತ್ತಮೂರು ವರ್ಷ ಈ ಜಿಲ್ಲೆಯ ಬಸ್ಸುಗಳ ವೈರಿಂಗ್ ಮಾಡಿದವಳು. ಯಾವ ವರ್ಷ ಯಾವ ಗ್ರೇಡು ಸಿಕ್ಕಿತು ಎನ್ನುವುದೆಲ್ಲ ಸೇವಾ ಪುಸ್ತಕದಲ್ಲಿದೆ, ಅದು ಅಲ್ಲೇ ಇರಲಿ. ಡಿಪೋಗಳ ಹೆಸರೂ ಬೇಡ. ಈಗಲೂ ಅಲ್ಲಿ ಕೆಲಸ ಮಾಡುವವರಿದ್ದಾರೆ, ನನ್ನ ತಪ್ಪುಗಳಿಗೆ ಅವರು ಮುಖ ಸಣ್ಣದು ಮಾಡಿಕೊಳ್ಳುವುದು ಬೇಡ.

ನಾನು ಸೇರಿದಾಗ ಎಲೆಕ್ಟ್ರಿಕ್ ವಿಭಾಗದಲ್ಲಿ ನಾನೊಬ್ಬಳೇ ಹೆಂಗಸು. ಮೊದಲ ಮೂರು ವಾರ ಬಲ್ಬು ಬದಲಿಸುವುದು ಬಿಟ್ಟು ಬೇರೆ ಕೆಲಸ ಕೊಡಲಿಲ್ಲ. ವಿಭಾಗದ ಮುಖ್ಯಸ್ಥರು ಮೌಲಾಸಾಬ್ ಮೇಸ್ತ್ರಿ, ಬಿಳಿ ಗಡ್ಡದ, ಮೆಲುಮಾತಿನ ಮನುಷ್ಯ. ಒಂದು ದಿನ ಅವರು ಬಸ್ಸಿನ ಡ್ಯಾಶ್‌ಬೋರ್ಡಿನ ಹಿಂದೆ ಕೈ ತೂರಿಸಲು ಒದ್ದಾಡುತ್ತಿದ್ದರು. ಮೊಣಕೈಯವರೆಗೆ ಹೋದದ್ದು ಮುಂದೆ ಹೋಗಲೊಲ್ಲದು. ನನ್ನ ಕಡೆ ತಿರುಗಿ ನೋಡಿದರು, ಮುಖವನ್ನಲ್ಲ, ಕೈಯನ್ನು.

"ಬೇಟಿ, ಇಲ್ಲಿ ಬಾ. ನಿನ್ನ ಕೈ ಹೋಗತೈತೇನು ನೋಡು."

ಹೋಯಿತು. ಭುಜದವರೆಗೆ ಹೋಯಿತು. ಅಂದಿನಿಂದ ಡ್ಯಾಶ್‌ಬೋರ್ಡಿನ ಹಿಂದಿನ ಕೆಲಸವೆಲ್ಲ ನನ್ನದಾಯಿತು. ನನ್ನ ವಿದ್ಯೆಗಿಂತ ಮೊದಲು ನನ್ನ ತೆಳ್ಳನೆಯ ಕೈ ಆ ಡಿಪೋದಲ್ಲಿ ಹೆಸರು ಮಾಡಿತು.

ಮೇಸ್ತ್ರಿಯವರು ಮಾಡಿದ ಕೆಲಸವನ್ನು ಕಣ್ಣಿನಿಂದ ಪರೀಕ್ಷೆ ಮಾಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಬ್ಯಾಟರಿಯಿಂದ ಹಿಂದಿನ ದೀಪದವರೆಗೆ ವೈರಿನ ಕಟ್ಟಿನ ಮೇಲೆ ಬೆರಳಾಡಿಸಿಕೊಂಡು ಹೋಗುತ್ತಿದ್ದರು. ಬೆರಳಿಗೆ ಏನಾದರೂ ಸಿಕ್ಕಿದರೆ ಅಲ್ಲೇ ನಿಲ್ಲುವರು. ಸಡಿಲ ಕಟ್ಟು, ಚೂಪು ತುದಿ, ಬಿಗಿಯಾಗಿ ಎಳೆದು ತಂತಿಯಂತೆ ನಿಂತ ವೈರು, ಯಾವುದಿದ್ದರೂ ಸಿಗುತ್ತಿತ್ತು. ಆಗ ಕೇಬಲ್ ಟೈ ಎನ್ನುವ ಪ್ಲಾಸ್ಟಿಕ್ ಪಟ್ಟಿ ಇರಲಿಲ್ಲ. ಮೇಣ ಹಚ್ಚಿದ ದಾರದಿಂದ ವೈರುಗಳನ್ನು ಗೇಣಿಗೊಂದು ಗಂಟು ಹಾಕಿ ಕಟ್ಟಬೇಕು. ತಗಡಿನ ತೂತಿನಲ್ಲಿ ವೈರು ಹಾಯುವಲ್ಲೆಲ್ಲ ತೂತಿನ ಅಂಚಿಗೆ ರಬ್ಬರ್ ಬುಶ್ ಕೂರಿಸಬೇಕು. ಬುಶ್ ಇಲ್ಲದ ತೂತು ಕಂಡರೆ ಮೇಸ್ತ್ರಿಯವರು ಯಾರನ್ನೂ ಬೈಯದೆ, ಆ ತೂತಿನ ಅಂಚಿಗೆ ತಮ್ಮ ಹೆಬ್ಬೆರಳು ಉಜ್ಜಿ ತೋರಿಸುತ್ತಿದ್ದರು. "ನನ್ನ ಚರ್ಮ ದಪ್ಪ ಐತಿ. ವೈರಿಂದು ತೆಳ್ಳಗ ಐತಿ. ಗಾಡಿ ದಿನಾ ನಡಗತೈತಿ. ಎಷ್ಟು ದಿನ ತಡೀತೈತಿ, ನೀನಽ ಹೇಳು."

ಇಷ್ಟೆಲ್ಲ ಕಲಿಸಿದರೂ ನಾನು ಮಾಡಬಾರದ್ದನ್ನು ಮಾಡಿದೆ.

ಎರಡನೇ ವರ್ಷದ ಮಳೆಗಾಲ. ಕೊಪ್ಪಳದಿಂದ ಕುಷ್ಟಗಿಗೆ ಹೋಗುವ ಗಾಡಿಯ ವೈಪರ್ ಸ್ವಿಚ್ ಕೆಟ್ಟಿತ್ತು. ಹೊರಡಲು ಹತ್ತು ನಿಮಿಷವಿತ್ತು. ಸ್ವಿಚ್ ಬದಲಿಸಿದೆ. ಹಿಂದಿನ ವೈರಿನ ಕಟ್ಟನ್ನು ಹಿಡಿದಿಡುವ ಕ್ಲಿಪ್ ಮುರಿದಿತ್ತು, ಹೊಸದನ್ನು ತರಲು ಸ್ಟೋರಿಗೆ ಹೋಗಬೇಕು. ವೈರುಗಳನ್ನು ಮೇಲಕ್ಕೆ ತುರುಕಿ, ಸಂಜೆ ಬಂದಾಗ ಕಟ್ಟಿದರಾಯಿತು ಅಂದುಕೊಂಡೆ. ಫ್ಯೂಸಿನ ಜಾಗದಲ್ಲಿ ಯಾರೋ ದಪ್ಪ ತಾಮ್ರದ ತಂತಿ ಸುತ್ತಿಟ್ಟಿದ್ದರು. ಅದೂ ಕಣ್ಣಿಗೆ ಬಿತ್ತು. ಅದನ್ನೂ ಸಂಜೆಗೇ ಬಿಟ್ಟೆ.

ಆ ಗಾಡಿಯ ಡ್ರೈವರ್ ಬಸಪ್ಪ. ಡಿಪೋದಲ್ಲಿ ಎಲ್ಲರೂ ಅವರನ್ನು ಬಸ್ಸಪ್ಪ ಎಂದೇ ಕರೆಯುತ್ತಿದ್ದರು. ನನಗಿಂತ ಐದಾರು ವರ್ಷ ದೊಡ್ಡವರು, ಕುಕನೂರಿನ ಕಡೆಯವರು. ಗಾಡಿಯ ತೊಂದರೆಗಳನ್ನು ಬರೆಯುವ ಪುಸ್ತಕವೊಂದು ಡಿಪೋದಲ್ಲಿ ಇರುತ್ತಿತ್ತು. ಬೇರೆ ಡ್ರೈವರುಗಳು "ಹಾರ್ನ್ ಇಲ್ಲ" ಎಂದು ಎರಡು ಶಬ್ದ ಬರೆದರೆ ಬಸಪ್ಪಣ್ಣ ಅರ್ಧ ಪುಟ ಬರೆಯುವರು. "ಹಾರ್ನ್ ಒತ್ತಿದರೆ ಕೆಮ್ಮಿದಂತೆ ಸದ್ದು ಬರುತ್ತದೆ, ಎಮ್ಮೆ ಸಹ ಹೊರಳಿ ನೋಡುವುದಿಲ್ಲ" ಎನ್ನುವ ತರಹ. ನನ್ನ ಕೆಲಸದ ಬಗ್ಗೆ ಅವರು ಬರೆದ ದೂರುಗಳನ್ನು ಒಟ್ಟು ಮಾಡಿದರೆ ಇದಕ್ಕಿಂತ ದೊಡ್ಡ ಬರಹವಾಗುತ್ತದೆ.

ಅವತ್ತು ದಾರಿಯಲ್ಲಿ ಮಳೆ ಬಂತು, ವೈಪರ್ ಹಾಕಿದರು. ನಾನು ತುರುಕಿಟ್ಟ ವೈರು ಜಾರಿ, ಡ್ಯಾಶ್‌ಬೋರ್ಡಿನ ಹಿಂದೆ ಆಡುವ ವೈಪರಿನ ತೋಳಿಗೆ ಸಿಕ್ಕಿತು. ತೋಳು ಅತ್ತಿತ್ತ ಆಡಿದಂತೆಲ್ಲ ಹೊದಿಕೆ ತಿಕ್ಕಿ ತಿಕ್ಕಿ ಹರಿಯಿತು. ಫ್ಯೂಸು ಸುಟ್ಟು ಕಾಪಾಡಬೇಕಿತ್ತು. ಅಲ್ಲಿ ಫ್ಯೂಸೇ ಇರಲಿಲ್ಲ. ಡ್ಯಾಶ್‌ಬೋರ್ಡಿನಿಂದ ಹೊಗೆ ಎದ್ದಿತು. ಬಸಪ್ಪಣ್ಣ ಗಾಡಿಯನ್ನು ಬದಿಗೆ ಒಯ್ದು, ಎಲ್ಲರನ್ನೂ ಮಳೆಯಲ್ಲೇ ಇಳಿಸಿ, ಬ್ಯಾಟರಿಯ ವೈರು ಕಿತ್ತೊಗೆದರು. ಯಾರಿಗೂ ಏನೂ ಆಗಲಿಲ್ಲ. ಬಾಣಂತನಕ್ಕೆ ತವರಿಗೆ ಹೊರಟಿದ್ದ ಒಬ್ಬ ಹೆಣ್ಣುಮಗಳಿಗೆ ತಮ್ಮ ಖಾಕಿ ಅಂಗಿ ಬಿಚ್ಚಿ ತಲೆಯ ಮೇಲೆ ಹಿಡಿದು ನಿಂತಿದ್ದರಂತೆ.

ಗಾಡಿ ವಾಪಸ್ಸು ಬಂದಾಗ ನಾನು ಸ್ಟೋರ್ ರೂಮಿನ ಹಿಂದೆ ನಿಂತು ಅಳುತ್ತಿದ್ದೆ. ಮೇಸ್ತ್ರಿಯವರು ಕರೆಸಿದರು. ದೂರಿನ ಪುಸ್ತಕ ನನ್ನ ಮುಂದೆ ತೆರೆದಿಟ್ಟರು. ಅರ್ಧ ಪುಟ ಬರೆಯುವ ಮನುಷ್ಯ ಅವತ್ತು ಎರಡೇ ಸಾಲು ಬರೆದಿದ್ದರು: "ವೈರು ವೈಪರಿಗೆ ಸಿಕ್ಕು ಹೊಗೆ ಬಂತು, ಜನ ಕ್ಷೇಮ. ಕಟ್ಟಿದವರನ್ನು ಬೈಯಬೇಡಿ, ಕರೆದು ತೋರಿಸಿ."

ಮೇಸ್ತ್ರಿಯವರು ಬೈಯಲಿಲ್ಲ. ಸುಟ್ಟ ವೈರನ್ನು ನನ್ನ ಕೈಯಿಂದಲೇ ಬಿಚ್ಚಿಸಿದರು. ಸುಟ್ಟ ಪ್ಲಾಸ್ಟಿಕ್ಕಿನ ಮಸಿ ಬೆರಳಿಗೆ ಅಂಟುತ್ತಿತ್ತು. "ಸಂಜೀಕ ಕಟ್ಟತೀನಿ ಅಂತ ಬಿಟ್ಟ ವೈರು ಸಂಜೀತನ ಕಾಯೂದಿಲ್ಲ ಬೇಟಿ" ಎಂದಷ್ಟೇ ಅಂದರು. ರೇಣುಕಾ, ಆಮೇಲೆ ಮೂವತ್ತೊಂದು ವರ್ಷ ನಾನು ಫ್ಯೂಸಿನ ಜಾಗದಲ್ಲಿ ತಂತಿ ಕಂಡರೆ ಗಾಡಿ ಬಿಟ್ಟಿಲ್ಲ. ಮ್ಯಾನೇಜರ್ ಸಾಹೇಬರು ಗೇಟಿನಲ್ಲಿ ನಿಂತು ಗಡಿಯಾರ ತೋರಿಸಿದರೂ ಬಿಟ್ಟಿಲ್ಲ.

ನಂತರ ಗಂಗಾವತಿ ಕಡೆಗೆ ವರ್ಗವಾಯಿತು. ಅಲ್ಲಿ ಸಮಸ್ಯೆಯೇ ಬೇರೆ. ಭತ್ತದ ನಾಡು, ಎಲ್ಲಿ ನೋಡಿದರೂ ಅಕ್ಕಿ ಗಿರಣಿ, ಗಿರಣಿ ಇದ್ದಲ್ಲಿ ಇಲಿ. ಶ್ರೀರಾಮನಗರದಲ್ಲಿ ರಾತ್ರಿ ನಿಲ್ಲುವ ಗಾಡಿಯೊಂದರ ವೈರುಗಳನ್ನು ಇಲಿ ಕಡಿದು, ಇಂಡಿಕೇಟರಿನ ವೈರೂ ಹಾರ್ನಿನ ವೈರೂ ಒಂದಕ್ಕೊಂದು ತಾಗಿಬಿಟ್ಟಿದ್ದವು. ಬೆಳಿಗ್ಗೆ ಡ್ರೈವರ್ ಬಲಕ್ಕೆ ತಿರುಗಲು ಇಂಡಿಕೇಟರ್ ಹಾಕಿದ್ದೇ ತಡ, ಹಾರ್ನು ಪೀಂ ಪೀಂ ಎಂದು ತಾಳಕ್ಕೆ ಸರಿಯಾಗಿ ಬಡಿದುಕೊಳ್ಳತೊಡಗಿತು. ನಾನು ಅದೇ ಗಾಡಿಯಲ್ಲಿ ಡ್ಯೂಟಿಗೆ ಹೊರಟಿದ್ದೆ. ಕಾಲುವೆ ದಂಡೆಯಲ್ಲಿ ಹಲ್ಲುಜ್ಜುತ್ತ ನಿಂತಿದ್ದ ಅಜ್ಜನೊಬ್ಬ ತೆಲುಗಿನಲ್ಲಿ, "ಏಮಯ್ಯಾ, ಎವರಿ ಪೆಳ್ಳಿ?" ಎಂದು ಕೂಗಿದ. ಯಾರ ಮದುವೆ ಎಂದು ಕೇಳಿದ್ದು. ಇಡೀ ಬಸ್ಸು ನಕ್ಕಿತು. ನಾನು ಅಲ್ಲೇ ಬಾನೆಟ್ ತೆಗೆದು ಎರಡು ವೈರು ಬೇರೆ ಮಾಡಿ ಟೇಪು ಸುತ್ತಿದೆ. ಆ ವಾರವೇ ಇಲಿ ಬಾಯಿ ಹಾಕುವ ಕೆಳಗಿನ ವೈರುಗಳನ್ನೆಲ್ಲ ಸುರುಳಿ ಪೈಪಿನೊಳಗೆ ಸೇರಿಸಿದೆವು.

ಅಷ್ಟರಲ್ಲಿ ಕೇಬಲ್ ಟೈ ಬಂದಿತ್ತು. ದಾರದ ಗಂಟಿಗೆ ಐದು ನಿಮಿಷ ಬೇಕಾದಲ್ಲಿ ಇದು ಚರಕ್ಕೆಂದು ಎಳೆದರೆ ಮುಗಿಯಿತು. ನಮಗೆಲ್ಲ ಹಬ್ಬ. ನಿವೃತ್ತಿಯ ಅಂಚಿನಲ್ಲಿದ್ದ ಮೌಲಾಸಾಬ್ ಮೇಸ್ತ್ರಿಯವರು ಆ ಕಡೆ ಒಮ್ಮೆ ಬಂದಾಗ ನಾನು ಹೆಮ್ಮೆಯಿಂದ ತೋರಿಸಿದೆ. ಅವರು ಎಂದಿನಂತೆ ಕಣ್ಣು ಮುಚ್ಚಿ ಕೈಯಾಡಿಸಿದರು. ಕೈ ಹೊರಗೆ ತೆಗೆದಾಗ ಮೂರು ಬೆರಳಿನಲ್ಲಿ ರಕ್ತ. ಟೈಗಳ ತುದಿಯನ್ನು ನಾನು ಓರೆಯಾಗಿ ಕತ್ತರಿಸಿದ್ದೆ, ಬ್ಲೇಡಿನಂತೆ ನಿಂತಿದ್ದವು. "ಹೊಸಾದು ಛಲೋ ಐತಿ. ಆದರ ನಿನ್ನ ನಂತರ ಇಲ್ಲಿ ಕೈ ಹಾಕವನೂ ಮನಶಾನಽ ಹೌದಿಲ್ಲೋ?" ಎಂದರು. ಅವತ್ತಿನಿಂದ ತುದಿಯನ್ನು ಟೈಯ ತಲೆಗೆ ಸಮನಾಗಿ ಕತ್ತರಿಸುತ್ತೇನೆ. ಅತಿಯಾಗಿ ಬಿಗಿಯುವುದನ್ನೂ ಬಿಟ್ಟೆ. ಬಿಗಿದರೆ ವೈರಿನ ಸೊಂಟವೇ ಕತ್ತರಿಸುತ್ತದೆ.

ಇಷ್ಟು ಕಲಿತು, ಎರಡು ವರ್ಷದ ಕೆಳಗೆ ನಿವೃತ್ತಳಾಗಿ, ಇನ್ನು ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ ಎಂದು ಮನೆಯಲ್ಲಿ ಕುಳಿತೆ. ಆರು ತಿಂಗಳಿಗೆ ಫೋನ್ ಬಂತು.

"ತಂಗೆವ್ವಾ, ನಾ ಬಸಪ್ಪ. ಒಂದು ಕಾರು ಕಟ್ಟೀನಿ. ಬಂದು ನೋಡಿ ಹೋಗು."

"ಕಾರು ಕೊಂಡೀರೇನ್ರಿ ಬಸಣ್ಣಾರ?"

"ಕೊಂಡಿಲ್ಲವಾ. ಕಟ್ಟೀನಿ. ನನ್ನ ಕೈಲೆ."

ಮಾರನೇ ದಿನವೇ ಕುಕನೂರಿನ ಬಸ್ ಹತ್ತಿದೆ. ಊರ ಹೊರಗೆ ಹೊಲಕ್ಕೆ ಹತ್ತಿಕೊಂಡೇ ಅವರ ಮನೆ. ತಗಡಿನ ಶೆಡ್ಡಿನಲ್ಲಿ ಕೆಂಪು ಬಣ್ಣದ ಒಂದು ಗಾಡಿ ನಿಂತಿತ್ತು. ಚೌಕಾಕಾರದ ಕಬ್ಬಿಣದ ಪೈಪುಗಳನ್ನು ವೆಲ್ಡಿಂಗ್ ಮಾಡಿ ಚೌಕಟ್ಟು ಕಟ್ಟಿದ್ದರು. ಗುಜರಿಗೆ ಬಂದ ಹಳೆಯ ವ್ಯಾನಿನ ಇಂಜಿನ್ನು, ಅದರದೇ ಗಾಲಿ, ಟಂಟಂ ಆಟೋದ ಸೀಟುಗಳು. ಬಾಗಿಲಿಲ್ಲ. ನೆಲದಿಂದ ಎರಡೇ ಗೇಣು ಎತ್ತರದಲ್ಲಿ ಸೀಟಿಗೆ ಹೋಗುವ ಅಗಲವಾದ ಮೆಟ್ಟಿಲು.

ಆ ಮೆಟ್ಟಿಲಿಗಾಗಿಯೇ ಇಡೀ ಕಾರು. ಬಸಪ್ಪಣ್ಣನ ಹೆಂಡತಿ ಗಿರಿಜಕ್ಕನಿಗೆ ಮೊಣಕಾಲು ನೋವು. ಮನೆಯಿಂದ ಅವರ ಹೊಲದ ಆ ತುದಿಯ ಬಾವಿಗೆ ಒಂದೂವರೆ ಮೈಲು ಬಂಡಿದಾರಿ. ಮೊದಲು ದಿನಕ್ಕೆರಡು ಸಲ ನಡೆಯುತ್ತಿದ್ದವರು ಮೂರು ವರ್ಷದಿಂದ ಬಾವಿಯ ಮುಖ ಕಂಡಿರಲಿಲ್ಲ. ಟ್ರ್ಯಾಕ್ಟರ್ ಏರಲು ಆಗದು, ಬೈಕಿನ ಹಿಂದೆ ಕಾಲು ಮಡಚಲು ಆಗದು. ಇಂಥ ಗಾಡಿಯನ್ನು ಡಾಂಬರು ರಸ್ತೆಗೆ ಇಳಿಸುವಂತಿಲ್ಲ ಎಂದು ಬಸಪ್ಪಣ್ಣನಿಗೆ ಗೊತ್ತಿತ್ತು. ರಸ್ತೆಗೆ ಇಳಿಸುವ ಆಸೆಯೂ ಅವರಿಗಿರಲಿಲ್ಲ. ತಮ್ಮ ಹೊಲ, ತಮ್ಮ ದಾರಿ, ಆ ಬಾವಿ, ಅಷ್ಟೇ.

"ವೈರಿಂಗೂ ನಾನಽ ಮಾಡೀನಿ. ಮೊಬೈಲಿನಾಗ ನೋಡಿ ಕಲ್ತೆ" ಎಂದು ಬಾನೆಟ್ ಎತ್ತಿದರು.

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಶಾವಿಗೆ ಒಣಹಾಕಿದ ಹಾಗಿತ್ತು. ಎಲ್ಲ ವೈರೂ ಕೆಂಪು, ಯಾವುದು ಎಲ್ಲಿಗೆ ಹೋಗುತ್ತದೆಂದು ದೇವರಿಗೂ ತಿಳಿಯದು. ತಿರುಚಿ ಟೇಪು ಸುತ್ತಿದ ಜೋಡಣೆಗಳು. ಒಂದು ಕಟ್ಟು ಸೈಲೆನ್ಸರಿನ ಪೈಪಿಗೆ ಒರಗಿತ್ತು. ಇನ್ನೊಂದನ್ನು ಪೆಟ್ರೋಲ್ ಪೈಪಿಗೇ ಸೇರಿಸಿ ಕೇಬಲ್ ಟೈಯಿಂದ ಬಿಗಿದಿದ್ದರು. ಫ್ಯೂಸು ಇತ್ತು, ಆದರೆ ಬ್ಯಾಟರಿಯಿಂದ ಆರು ಅಡಿ ದೂರ, ಸೀಟಿನ ಕೆಳಗೆ. ಆ ಆರು ಅಡಿಯಲ್ಲಿ ಎಲ್ಲಿ ವೈರು ತಗಡಿಗೆ ತಾಗಿದರೂ ಫ್ಯೂಸಿಗೆ ಸುದ್ದಿಯೇ ಹೋಗುವುದಿಲ್ಲ.

"ಹೆಂಗೈತಿ?"

"ಬಸಣ್ಣಾರ, ಗಾಡಿ ಭಾಳ ಛಲೋ ಕಟ್ಟೀರಿ. ವೈರಿಂಗ್ ಪೂರಾ ಬಿಚ್ಚಬೇಕು."

"ಪೂರಾ ಅಂದ್ರ?"

"ಒಂದೂ ಉಳಿಬಾರದು."

ಅವರ ಮುಖ ಇಳಿದುಹೋಯಿತು. "ದೀಪ ಹತ್ತತಾವ, ಹಾರ್ನ್ ಹೊಡೀತೈತಿ, ಇಂಜಿನ್ ಚಾಲೂ ಆಗತೈತಿ. ಮತ್ತೇನಾಗಬೇಕು? ನಾ ನಿನ್ನ ಕೆಲಸಾ ಬರೆದು ಬರೆದು ಕಾಡೀನಿ ಅಂತ ಈಗ ತೀರಿಸ್ಕೊಳ್ಳಾಕ ಹತ್ತೀಯೇನು?" ಎಂದು ಬಾನೆಟ್ ಧಡ್ ಎಂದು ಮುಚ್ಚಿ ಒಳಗೆ ಹೋದರು. ಚಹಾ ಸಹ ಕುಡಿಯದೆ ವಾಪಸ್ಸು ಬಂದೆ. ನನಗೂ ಸಿಟ್ಟು ಬಂದಿತ್ತು.

ನಾಲ್ಕು ದಿನ ಫೋನಿಲ್ಲ. ಐದನೇ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ನಮ್ಮ ಮನೆಯ ಕಟ್ಟೆಯ ಮೇಲೆ ಯಾರೋ ಏದುಸಿರು ಬಿಡುತ್ತ ಕುಳಿತ ಸದ್ದಾಯಿತು. ನೋಡಿದರೆ ಗಿರಿಜಕ್ಕ. ಕುಕನೂರಿನಿಂದ ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು.

"ಯಕ್ಕಾ, ಈ ಕಾಲಿನಾಗ ಬಸ್ ಹೆಂಗ ಏರಿದ್ರಿ?"

"ಮ್ಯಾಲಿಂದ ಇಬ್ಬರು ಎಳದ್ರು, ಕೆಳಗಿಂದ ಇಬ್ಬರು ದಬ್ಬಿದ್ರು. ಜ್ವಾಳದ ಚೀಲ ಏರಿಸಿದಂಗ ಏರಿಸಿದ್ರು." ತಾವೇ ನಕ್ಕರು. ಆಮೇಲೆ ನನ್ನ ಕೈ ಹಿಡಿದುಕೊಂಡರು. "ಅವರು ಊಟಾ ಸರಿಯಾಗಿ ಮಾಡವಲ್ರು. ಶೆಡ್ಡಿನಾಗ ಹೋಗಿ ಬಾನೆಟ್ ತಗದು ನೋಡತಾರ, ಮುಚ್ಚತಾರ. ನೀ ಹೇಳಿದ್ದು ಖರೆ ಅಂತ ಅವರಿಗೂ ಗೊತ್ತೈತಿ ತಂಗಿ. ಗಂಡಸು, ಹೆಂಗ ಹೇಳಬೇಕು ಅಂತ ಗೊತ್ತಿಲ್ಲ. ಬಿಚ್ಚಬೇಕಂದ್ರ ಬಿಚ್ಚೋಣು. ನಾನಽ ಬಿಚ್ಚತೀನಿ, ನೀ ಹೇಳಿಕೊಡು."

ಅವರ ಮೊಣಕಾಲು ಕುಂಬಳಕಾಯಿಯ ಹಾಗೆ ಊದಿತ್ತು. ನನ್ನ ಸಿಟ್ಟು ಎಲ್ಲಿ ಹೋಯಿತೋ. ಡಿಪೋದ ದಿನಗಳ ಟೂಲ್ ಚೀಲ ಅಟ್ಟದಿಂದ ಇಳಿಸಿ, ಗಿರಿಜಕ್ಕನ ಜೊತೆಗೇ ಒಂದು ಆಟೋ ಮಾಡಿಕೊಂಡು ಹೊರಟೆ.

ಬಸಪ್ಪಣ್ಣ ಬೇವಿನ ಮರದ ಕೆಳಗೆ ಬೆನ್ನು ಮಾಡಿ ಕುಳಿತಿದ್ದರು. ಗಿರಿಜಕ್ಕ ಕುರ್ಚಿ ಹಾಕಿಸಿಕೊಂಡು ಬಾನೆಟ್ಟಿನ ಮುಂದೆ ಕುಳಿತರು. ಮೊದಲು ಬ್ಯಾಟರಿಯ ವೈರು ಕಳಚಿದೆ. ಆಮೇಲೆ ಅವರ ಕೈಗೆ ಸಣ್ಣ ಕತ್ತರಿ ಕೊಟ್ಟು, ಕೇಬಲ್ ಟೈಗಳನ್ನು ಕತ್ತರಿಸುವುದು ತೋರಿಸಿದೆ. ನಾಲ್ಕನೇ ಟೈ, ಪೆಟ್ರೋಲ್ ಪೈಪಿನದು. ಅದನ್ನು ಕತ್ತರಿಸಿದ ಗಿರಿಜಕ್ಕ ವೈರನ್ನು ಬೆರಳಿನಿಂದ ಹೊರಳಿಸಿ ನೋಡಿದರು.

"ತಂಗಿ, ಇದೇನು ಬಂಗಾರದಂಗ ಹೊಳ್ಯಾಕ ಹತ್ತೈತಿ?"

ಬಗ್ಗಿ ನೋಡಿದೆ. ವೈರು ತಗಡಿನ ಅಂಚಿಗೆ ತಿಕ್ಕಿ ಹೊದಿಕೆ ಹೋಗಿ, ಉಗುರಿನಷ್ಟು ತಾಮ್ರ ಹೊಳೆಯುತ್ತಿತ್ತು. ಅಂಗಳದಲ್ಲಿ ಹತ್ತು ದಿನ ಇಂಜಿನ್ ಓಡಿಸಿದ್ದಕ್ಕೇ ಅಷ್ಟಾಗಿತ್ತು. ಅದರ ಕೆಳಗೆ ಅರ್ಧ ಬೆರಳಿನ ಅಂತರದಲ್ಲಿ ಪೆಟ್ರೋಲ್ ಪೈಪು.

ಬಸಪ್ಪಣ್ಣ ಎದ್ದು ಬಂದು ನಮ್ಮಿಬ್ಬರ ನಡುವೆ ತಲೆ ಹಾಕಿ ನೋಡುತ್ತಿದ್ದರು. ಆಮೇಲೆ ಹೆಂಡತಿಯ ಮುಖ ನೋಡಿದರು, ಅವರನ್ನು ಕೂರಿಸಲಿದ್ದ ಸೀಟು ನೋಡಿದರು.

"ಕತ್ತರಿ ಇಲ್ಲಿ ತಾ" ಎಂದರು. "ಉಳಿದದ್ದು ನಾ ಬಿಚ್ಚತೀನಿ."

ಆಮೇಲಿನ ಎಂಟು ದಿನಗಳಷ್ಟು ಸುಖವಾಗಿ ನಾನು ಡಿಪೋದಲ್ಲಿ ಎಂದೂ ಕೆಲಸ ಮಾಡಿರಲಿಲ್ಲ. ಗೇಟಿನಲ್ಲಿ ಗಡಿಯಾರ ತೋರಿಸುವವರಿರಲಿಲ್ಲ. ಬೆಳಗಿನ ಬಸ್ಸಿಗೆ ಹೋಗುವುದು, ಬಿಸಿ ರೊಟ್ಟಿ ಶೇಂಗಾ ಚಟ್ನಿ ತಿಂದು ಕೆಲಸಕ್ಕೆ ಕೂಡುವುದು, ಸಂಜೆಯ ಬಸ್ಸಿಗೆ ವಾಪಸ್ಸು.

ಮೊದಲು ನಕ್ಷೆ ಬೇಕು ಎಂದೆ. ಯಾವ ದೀಪ ಎಲ್ಲಿ, ಯಾವ ವೈರು ಯಾವ ದಾರಿಯಲ್ಲಿ ಹೋಗಬೇಕು, ಕಾಗದದ ಮೇಲೆ ಬರೆಯದೆ ಒಂದು ವೈರನ್ನೂ ಕತ್ತರಿಸಬಾರದು. ಬಸಪ್ಪಣ್ಣ ಕಾಗದದ ಮೇಲೆ ಗೆರೆ ಎಳೆದರು, ಅದು ಕಾರಿನಂತೆ ಕಾಣದೆ ಕುರಿಯಂತೆ ಕಂಡಿತು. ಗಿರಿಜಕ್ಕ, "ಸರೀರಿ ಅತ್ತಾಗ" ಎಂದು ರಂಗೋಲಿ ಡಬ್ಬಿ ತರಿಸಿದರು. ಗಂಡನಿಗೆ ಟೇಪು ಹಿಡಿದು ಅಳತೆ ಹೇಳಲು ಹಚ್ಚಿದರು. ನೆಲಕ್ಕೆ ಬಗ್ಗಲಾರದೆ, ಒಂದು ಪೈಪಿನ ತುಂಡಿಗೆ ರಂಗೋಲಿ ತುಂಬಿ, ನಿಂತುಕೊಂಡೇ ಅಂಗಳದಲ್ಲಿ ಕಾರಿನಷ್ಟೇ ದೊಡ್ಡ ಕಾರು ಬಿಡಿಸಿದರು. ಇಲ್ಲಿ ಬ್ಯಾಟರಿ, ಇಲ್ಲಿ ಮುಂದಿನ ದೀಪ, ಇಲ್ಲಿ ಸೈಲೆನ್ಸರ್, ಇಲ್ಲಿ ಪೆಟ್ರೋಲ್ ಟ್ಯಾಂಕು. ಸೈಲೆನ್ಸರಿಗೆ ಕುಂಕುಮ ಹಾಕಿದರು, ಅತ್ತ ಕಡೆ ವೈರು ಹೋಗಬಾರದು ಎಂದು ಗುರುತಿಗೆ. ದಾರಿಯಲ್ಲಿ ಹೋಗುವ ಹೆಂಗಸರು ನಿಂತು, "ಏನ ಗಿರಿಜವ್ವಾ, ಯಾವ ಹಬ್ಬ?" ಎಂದು ಕೇಳಿ ಹೋದರು.

ಆ ಗೆರೆಗಳ ಮೇಲೆ ವೈರು ಹಾಸಿ ಅಳತೆ ತೆಗೆದುಕೊಂಡೆವು. ದೀಪಕ್ಕೊಂದು ಬಣ್ಣ, ಹಾರ್ನಿಗೊಂದು ಬಣ್ಣ, ಎರಡೂ ತುದಿಗೆ ಹೆಸರಿನ ಚೀಟಿ. ಪ್ರತಿ ತುದಿಯಲ್ಲೂ ಒಂದು ಗೇಣು ಹೆಚ್ಚು, ಮುಂದೆ ಯಾರಾದರೂ ರಿಪೇರಿ ಮಾಡುವಾಗ ಎಳೆದಾಡಬಾರದು. ಇಂಜಿನ್ನಿಗೆ ಹೋಗುವ ವೈರನ್ನು ಸ್ವಲ್ಪ ಸಡಿಲಾಗಿ ಬಳಸಿ ಬಿಡಬೇಕು. ಚೌಕಟ್ಟು ಅಲ್ಲಾಡದಿದ್ದರೂ ಇಂಜಿನ್ನು ಅಲ್ಲಾಡುತ್ತದೆ. ಸ್ಟೇರಿಂಗಿನ ಹತ್ತಿರ, ಅದು ಎರಡೂ ಕಡೆ ಪೂರ್ತಿ ತಿರುಗಿದರೂ ವೈರು ಸಿಗದಷ್ಟು ದೂರ. ಫ್ಯೂಸು ಬ್ಯಾಟರಿಯಿಂದ ಒಂದೇ ಗೇಣಿನಲ್ಲಿ. ಬ್ಯಾಟರಿಗೂ ಕಬ್ಬಿಣದ ಪಟ್ಟಿ ಹಾಕಿ ಕಟ್ಟಿದೆವು, ಗಾಡಿ ಹಾರಿದರೂ ಅದು ಹಾರಬಾರದು.

ಕಟ್ಟುವ ಹೊತ್ತಿಗೆ ನಾನು ಮೇಣದ ದಾರ ತೆಗೆದೆ. ಒಳಗಿನ ಕಟ್ಟುಗಳಿಗೆ ನನಗೆ ಇನ್ನೂ ಅದೇ ಇಷ್ಟ. ಮೇಸ್ತ್ರಿಯವರು ಕಲಿಸಿದ ಗಂಟು ಹಾಕುತ್ತಿದ್ದೆ. ಗಿರಿಜಕ್ಕ ಸ್ವಲ್ಪ ಹೊತ್ತು ನೋಡಿ, "ಈ ಗಂಟು ಉಬ್ಬಿ ನಿಂದರತೈತಲ್ಲ. ಹಿಂಗ ಹಾಕಿ ನೋಡು" ಎಂದು ದಾರ ತೆಗೆದುಕೊಂಡರು. ಅವರು ಭಾಗ್ಯನಗರದ ನೇಕಾರರ ಮನೆಯ ಮಗಳು. ಮಗ್ಗದಲ್ಲಿ ಹರಿದ ಎಳೆಯನ್ನು ಕಣ್ಣಿಗೆ ಕಾಣದಂತೆ ಕೂಡಿಸಿ ಬೆಳೆದವರು. ಅವರ ಗಂಟು ಚಪ್ಪಟೆಯಾಗಿ ಕೂತಿತು. ಕಣ್ಣು ಮುಚ್ಚಿ ಬೆರಳಾಡಿಸಿದೆ, ಏನೂ ಸಿಗಲಿಲ್ಲ. ಮೂವತ್ತಮೂರು ವರ್ಷ ನಾನು ಹಾಕಿದ ಗಂಟು ಅರೆಬರೆ ಎಂದು ಅರವತ್ತು ದಾಟಿದ ಮೇಲೆ ತಿಳಿಯಿತು! ನಾಚಿಕೆಯಾಗಲಿಲ್ಲ, ಖುಷಿಯಾಯಿತು. ಇಡೀ ಗಾಡಿಯ ಗಂಟುಗಳನ್ನು ಅವರೇ ಹಾಕಿದರು. ಬಸಪ್ಪಣ್ಣ ಪ್ರತಿ ತೂತಿಗೆ ರಬ್ಬರ್ ಬುಶ್ ಕೂರಿಸಿದರು, ಗೇಣಿಗೊಂದರಂತೆ ಕ್ಲಿಪ್ ಹೊಡೆದರು. ಗೇಣು ಯಾರದು ಎಂದು ಗಂಡ ಹೆಂಡತಿಗೆ ಜಗಳವಾಯಿತು. ಕೊನೆಗೆ ಗಿರಿಜಕ್ಕನ ಗೇಣೇ ಅಳತೆಯಾಯಿತು, ಅದು ಚಿಕ್ಕದು, ಕ್ಲಿಪ್ ಎರಡು ಹೆಚ್ಚು ಬೀಳುತ್ತವೆ.

ಎಂಟನೇ ದಿನ ಬ್ಯಾಟರಿ ಕೂಡಿಸಿದೆವು. ಹಿಂದಿನ ದೀಪ ನೋಡಲು ಬಸಪ್ಪಣ್ಣ ಗಾಡಿಯ ಹಿಂದೆ ನಿಂತರು, ನಾನು ಬ್ರೇಕ್ ಒತ್ತಿದೆ.

"ಎಡಗಡೆ ಇಂಡಿಕೇಟರ್ ಹಾಕೀಯೇನು?"

"ಇಲ್ರಿ, ಬ್ರೇಕ್ ಒತ್ತೀನಿ."

"ಇಂಡಿಕೇಟರ್ ಮಿಣಿಮಿಣಿ ಅನ್ನಾಕ ಹತ್ತೈತಿ. ಈಗ ಇಂಡಿಕೇಟರ್ ಹಾಕು."

ಹಾಕಿದೆ.

"ಈಗ ಬ್ರೇಕ್ ಲೈಟು ಕಣ್ಣು ಹೊಡೀತೈತಿ!" ಅವರು ನಕ್ಕು ನಕ್ಕು ಅಲ್ಲೇ ನೆಲಕ್ಕೆ ಕುಳಿತರು. "ಗಿರಿಜಾ, ಒಂದು ಪುಸ್ತಕಾ ತಾ. ಪೆನ್ನೂ ತಾ. ಅರ್ಧ ಪುಟಾ ಬರೀಬೇಕು ನಾ!"

ಕಾರಣ ನನಗೆ ಕೂತಲ್ಲೇ ಹೊಳೆಯಿತು. ಹಿಂದಿನ ದೀಪಗಳಿಂದ ಕರೆಂಟು ವಾಪಸ್ಸು ಹೋಗುವ ಅರ್ತ್ ವೈರನ್ನು ನಾನು ಬಣ್ಣ ಬಳಿದ ಕಬ್ಬಿಣದ ಮೇಲೆಯೇ ಬೋಲ್ಟ್ ಹಾಕಿ ಕೂರಿಸಿದ್ದೆ. ಬಣ್ಣದೊಳಗಿಂದ ಕರೆಂಟು ಹಾಯುವುದಿಲ್ಲ, ಅದು ಬೇರೆ ದೀಪದೊಳಗಿಂದ ದಾರಿ ಹುಡುಕುತ್ತದೆ. ಹೊಸ ಹುಡುಗರಿಗೆ ನಾನು ಮೊದಲ ವಾರ ಕಲಿಸುತ್ತಿದ್ದ ಪಾಠ ಅದು. ಬಸಪ್ಪಣ್ಣ ಕಣ್ಣೀರು ಒರೆಸಿಕೊಂಡು ಎದ್ದು, ಉಜ್ಜುವ ಕಾಗದ ತಂದು ಬಣ್ಣ ಕೆರೆದು ಕಬ್ಬಿಣ ಬೆಳ್ಳಗೆ ಮಾಡಿದರು. ಬೋಲ್ಟ್ ಬಿಗಿದು ಮೇಲೆ ಗ್ರೀಸ್ ಬಳಿದೆ. ದೀಪಗಳು ತಮ್ಮ ತಮ್ಮ ಕೆಲಸ ಮಾಡಿದವು.

ಮಧ್ಯಾಹ್ನ ಬಾವಿಗೆ ಹೊರಟೆವು. ಗಿರಿಜಕ್ಕ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟರು, ಇನ್ನೊಂದು ಕಾಲಿಟ್ಟರು, ಕುಳಿತರು. ಯಾರೂ ಎಳೆಯಲಿಲ್ಲ, ಯಾರೂ ದಬ್ಬಲಿಲ್ಲ. ಬಂಡಿದಾರಿಯ ಕುಣಿಗಳಲ್ಲಿ ಗಾಡಿ ಎತ್ತಿ ಎತ್ತಿ ಒಗೆಯಿತು. ನಾನು ಹಿಂದಿನ ಸೀಟಿನಲ್ಲಿ ಮೂಗು ಅರಳಿಸಿಕೊಂಡು ಕುಳಿತಿದ್ದೆ, ಸುಟ್ಟ ವಾಸನೆ ಬರುತ್ತದೇನೋ ಎಂದು. ಬಂದದ್ದು ಕಡಲೆ ಗಿಡದ ಹುಳಿ ವಾಸನೆ ಮಾತ್ರ. ಬಾವಿಯ ಹತ್ತಿರ ಕಡಲೆ ಸೊಪ್ಪು ಕೀಳುತ್ತಿದ್ದ ಹೆಂಗಸರು ಗಾಡಿ ಕಂಡು ಸೆರಗು ಬೀಸುತ್ತ ಓಡಿ ಬಂದರು. ಗಿರಿಜಕ್ಕ ಇಳಿದು ಬಾವಿಯ ಕಟ್ಟೆಗೆ ಹೋಗಿ ಒಳಗೆ ಇಣುಕಿದರು. "ನೀರು ಏರೈತಿ" ಎಂದರು, ಅಷ್ಟೇ. ಕಟ್ಟೆಯ ಮೇಲೆಯೇ ಕುಳಿತುಬಿಟ್ಟರು. ಬಸಪ್ಪಣ್ಣ ಸ್ಟೇರಿಂಗ್ ಹಿಡಿದುಕೊಂಡೇ ಅತ್ತ ಮುಖ ಮಾಡಿ ಕುಳಿತಿದ್ದರು.

ವಾಪಸ್ಸು ಬರುವಾಗ ಗಿರಿಜಕ್ಕ, ನನಗೂ ಓಡಿಸಲು ಕಲಿಸಿರಿ ಎಂದರು. ಬಸಪ್ಪಣ್ಣ ದಿನಾ ಬೆಳಿಗ್ಗೆ ಅಂಗಳದಲ್ಲಿ ಕಲಿಸತೊಡಗಿದರಂತೆ, ಆಗ ಪಕ್ಕದಲ್ಲಿ ಕುಳಿತ ಬಸಪ್ಪಣ್ಣನ ಕಾಲು ಬರಿ ನೆಲವನ್ನೇ ಬ್ರೇಕೆಂದು ಒತ್ತುತ್ತಿತ್ತಂತೆ. ಹದಿನೈದು ದಿನವಾಗಿರಬೇಕು, ಬೆಳಿಗ್ಗೆ ಏಳಕ್ಕೆ ನನಗೆ ಫೋನ್ ಬಂತು. ಗಾಳಿಯ ಸದ್ದು, ಹಕ್ಕಿಗಳ ಸದ್ದು.

"ತಂಗಿ, ನಾ ಗಿರಿಜಾ. ಬಾವಿ ಹತ್ತಿರ ಅದೀನಿ."

"ಬಸಣ್ಣಾರು ಕರಕೊಂಡು ಬಂದಾರೇನ್ರಿ ಇಷ್ಟು ಲಗೂನ?"

"ಅವರು ಇನ್ನೂ ಮಲಗ್ಯಾರ. ನಾನಽ ಬಂದೀನಿ. ಒಬ್ಬಾಕೀನ." ದನಿಯಲ್ಲಿ ನಗು ತಡೆದುಕೊಂಡಂತಿತ್ತು. "ಒಂದು ಮಾತು ಕೇಳಬೇಕಾಗಿತ್ತು. ಈ ಗಾಡಿ ಹಿಂದಕ ತಗೊಳ್ಳೂದು ಹೆಂಗ? ಅದನ್ನ ಅವರು ಇನ್ನೂ ಕಲಿಸಿಲ್ಲ."

ಮೂವತ್ತಮೂರು ವರ್ಷ ಬಸ್ಸುಗಳ ಹೊಟ್ಟೆಯಲ್ಲಿ ಕೈಯಾಡಿಸಿದವಳು ನಾನು. ಒಂದು ದಿನವೂ ಒಂದು ಗಾಡಿಯನ್ನು ಹತ್ತು ಅಡಿ ಓಡಿಸಿದವಳಲ್ಲ.

"ನನಗೂ ಗೊತ್ತಿಲ್ರಿ ಯಕ್ಕಾ! ಬಸಣ್ಣಾರಿಗೆ ಫೋನ್ ಹಚ್ಚಲೇನು?"

"ಅಯ್ಯ, ಬ್ಯಾಡ ಬ್ಯಾಡ!" ಎಂದರು ಗಿರಿಜಕ್ಕ. "ಹೊಲ ಇಷ್ಟು ದೊಡ್ಡದೈತಿ. ಮುಂದಽ ಹೋಗಿ ಸುತ್ತು ಹಾಕಿ ಬರತೀನಿ ಬಿಡು."

ಇಂಜಿನ್ ಗುರ್ ಎಂದದ್ದು ಕೇಳಿಸಿತು. ಆಮೇಲೆ ಹಾರ್ನು. ಎದುರಿಗೆ ಯಾರೂ ಇರಲಿಕ್ಕಿಲ್ಲ. ಸುಮ್ಮನೆ ಹೊಡೆದರು, ಮೂರು ಸಲ.